ಗಣಕಯಂತ್ರದ ಸ್ವಯಂವರ

ವಾಚಕ ಮಹಾಶಯರು ಈ ಪುಟದಲ್ಲಿ ಸಾಮಾನ್ಯವಾಗಿ ಸಂಸಾರಕ್ಕೆ ಸಂಬಂಧಪಟ್ಟ ವಿಷಯಗಳನ್ನೇ ನಿರೀಕ್ಷಿಸುವರು. ಈ ತಿಂಗಳು ನಾವು ಗಣಕಯಂತ್ರವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾದೀತು. ಆದರೆ ಒರಳುಕಲ್ಲು ಬೀಸುವ ಕಲ್ಲುಗಳು ಇದ್ದ ಸ್ಥಾನಕ್ಕೆ ಈಗ ಈ ಯಂತ್ರವೂ ಬಂದು ಕುಳಿತಿರುವುದರಿಂದ, ಇದರ ಕಷ್ಟಸುಖಗಳೂ ಮನೆಯ ಕಷ್ಟಸುಖಗಳೇ ಆಗಿವೆ ಎಂದು ನಾವು ಭಾವಿಸಿದ್ದೇವೆ.

ಸಂಗತಿಯು ಹೀಗೆ. ನಮ್ಮ ಮನೆಯ ಲ್ಯಾಪ್‌ಟಾಪನ್ನು ೨೦೧೪ನೆಯ ಇಸವಿಯಲ್ಲಿ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ೨೦೨೫ನೆಯ ಅಕ್ಟೋಬರ್ ೧೪ನೆಯ ತಾರೀಖಿಗೆ, ಎಂದರೆ ದೀಪಾವಳಿಗೆ ಒಂದು ವಾರ ಮುಂಚೆ, ತಯಾರಕರ ಪೋಷಣೆಯು ಮುಗಿಯಿತು. ಮುಂದಿನದಾದ ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾಭಾಗವೂ, ಅಂಗೀಕೃತವಾದ ಸಂಸ್ಕಾರಕಗಳ ಪಟ್ಟಿಯಲ್ಲಿ ಸ್ಥಾನವೂ ಬೇಕು. ನಮ್ಮ ಯಂತ್ರಕ್ಕೆ ಎರಡೂ ಇಲ್ಲ. ಒಂದು ವರ್ಷದ ವಾಯಿದೆಯನ್ನು ಪಡೆಯುವ ಏರ್ಪಾಡೇನೋ ಇತ್ತು, ವಾಯಿದೆಯು ಔಷಧವಲ್ಲವಷ್ಟೆ. ಪೇಟೆಯ ಅಂಗಡಿಯವರು ಯಂತ್ರವನ್ನು ಒಂದು ಸಲ ತಿರುಗಿಸಿ ನೋಡಿ, “ಇದನ್ನು ಬಿಸಾಕಿ ಹೊಸದು ತೆಗೆದುಕೊಳ್ಳಿ ಮೇಷ್ಟ್ರೇ” ಎಂದರು. ಪಿಂಚಣಿಯ ಮೇಲೆ ಬದುಕುವವರಿಗೆ ಇಂಥ ಉಪದೇಶವು ಸುಲಭವಾಗಿ ರುಚಿಸುವುದಿಲ್ಲ.

ಹಣದ ಮಾತು ಹಾಗಿರಲಿ. ಆ ಯಂತ್ರದಲ್ಲಿ ರಘುವಂಶಕ್ಕೆ ನಾವು ಬರೆದ ಕನ್ನಡ ಟಿಪ್ಪಣಿಯಿದೆ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಬಾಯಿಂದ ಹೇಳಿದ ವಿವರಣೆಗಳನ್ನು ಅಂದು ನೋಟುಪುಸ್ತಕಗಳಲ್ಲಿ ಗೀಚಿಕೊಂಡಿದ್ದೆವು. ಅವನ್ನು ವರ್ಷಾನುಗಟ್ಟಲೆ ಕುಳಿತು ಅಚ್ಚಿಸಿ, ಹತ್ತೊಂಬತ್ತು ಸರ್ಗಗಳಲ್ಲಿ ಹನ್ನೊಂದನ್ನು ಮುಗಿಸಿದ್ದೆವು. ಗುರುಗಳು ಕಾಲವಾದರು. ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದದ್ದು ಯಂತ್ರದೊಳಗಣ ಪ್ರತಿಯೊಂದೇ. ಅದನ್ನು ಬಿಸಾಕುವುದೆಂದರೇನು?

ಇಂತಿರಲು ಎಂಜಿನಿಯರಿಂಗ್ ಓದುತ್ತಿರುವ ನಮ್ಮ ತಂಗಿಯ ಮಗನು ಹಬ್ಬಕ್ಕೆಂದು ಬಂದವನು, “ಮಾವ, ಯಂತ್ರ ಗಟ್ಟಿಯಾಗಿಯೇ ಇದೆ. ಲಿನಕ್ಸ್ ಹಾಕಿಬಿಡೋಣ. ಖರ್ಚೂ ಇಲ್ಲ” ಎಂದನು. ಯಾವ ಲಿನಕ್ಸು ಎಂದು ಕೇಳಿದೆವು. ಅವನು ನಕ್ಕನು. ನೂರಾರು ಇವೆಯಂತೆ!

ಇಲ್ಲಿ ಸ್ವಲ್ಪ ವಂಶಾವಳಿಯನ್ನು ಹೇಳಬೇಕಾಗಿದೆ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ೨೧ ವಯಸ್ಸಿನ ತರುಣನು ೧೯೯೧ರಲ್ಲಿ ಯಂತ್ರವನ್ನು ನಡೆಸುವ ಕರ್ನಲ್ ಎಂಬ ತಿರುಳನ್ನು ಬರೆದು, ಯಾರು ಬೇಕಾದರೂ ನೋಡಿ ತಿದ್ದಬಹುದೆಂದು ಲೋಕಕ್ಕೆ ಬಿಟ್ಟನು. ಅದಕ್ಕೂ ಮುಂಚೆ, ೧೯೮೩ರಲ್ಲಿಯೇ, ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಎಂಬ ಹೆಸರಿನಲ್ಲಿ ಸ್ವತಂತ್ರವಾದ ಉಪಕರಣಗಳನ್ನು ಕಟ್ಟುವ ಕಾರ್ಯವನ್ನು ಘೋಷಿಸಿದ್ದರು. ತಿರುಳೊಂದು, ಉಪಕರಣಗಳು ಹಲವು. ಇವನ್ನು ತಮ್ಮ ತಮ್ಮ ಅಭಿರುಚಿಯಂತೆ ಜೋಡಿಸಿ, ಒಪ್ಪವಿಟ್ಟು, ಗಂಟುಕಟ್ಟಿ ಹಂಚುವವರು ಲೋಕದಲ್ಲೆಲ್ಲ ಇದ್ದಾರೆ. ಹೀಗೆ ಕಟ್ಟಿದ ಗಂಟಿಗೆ ಡಿಸ್ಟ್ರೋ ಎಂದು ಹೆಸರು. ವೇದವು ಒಂದೇ ಆದರೂ ತೈತ್ತಿರೀಯ, ಕಾಣ್ವ, ಮಾಧ್ಯಂದಿನ ಎಂದು ಶಾಖೆಗಳಿರುವಂತೆಯೇ ಇದು ಎಂದುಕೊಂಡರೆ ನಮ್ಮ ವಾಚಕರಿಗೆ ಬೇಗ ತಿಳಿದೀತು. ೧೯೯೩ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಹುಟ್ಟಿದವು. ಡೆಬಿಯನ್ನಿನಿಂದ ೨೦೦೪ರಲ್ಲಿ ಉಬುಂಟು. ಉಬುಂಟುವಿನಿಂದ ೨೦೦೬ರಲ್ಲಿ ಮಿಂಟ್. ಡೆಬಿಯನ್ ಎಂಬ ಹೆಸರನ್ನು ಅದರ ಸ್ಥಾಪಕನಾದ ಇಯನ್ ಮರ್ಡಾಕನು ತನ್ನ ಪ್ರಿಯೆಯಾದ ಡೆಬ್ರಾಳ ಹೆಸರಿನ ಆದಿಯನ್ನೂ ತನ್ನ ಹೆಸರನ್ನೂ ಕೂಡಿಸಿ ಮಾಡಿದನಂತೆ. ಸೀತಾರಾಮ ಎಂಬಲ್ಲಿ ಇದ್ದಂತೆಯೇ ಸ್ತ್ರೀನಾಮವು ಪೂರ್ವಪದವಾಗಿರುವುದನ್ನು ಕಂಡು ನಮಗೆ ಸಂತೋಷವಾಯಿತು.

ಇಷ್ಟು ಶಾಖೆಗಳಲ್ಲಿ ನಮ್ಮದು ಯಾವುದು? ಇದಕ್ಕೆಂದೇ ಅಂತರಜಾಲದಲ್ಲಿ ಪ್ರಶ್ನಾವಳಿಗಳಿವೆ. ಹುಡುಗನು ಡಿಸ್ಟ್ರೋಚೂಸರ್ ಎಂಬುದನ್ನು ತೆರೆದು ನಮ್ಮ ಮುಂದಿಟ್ಟನು. ಯಂತ್ರವನ್ನು ಯಾವ ಕೆಲಸಕ್ಕೆ ಬಳಸುವಿರಿ, ಗಣಕದ ಪರಿಚಯವೆಷ್ಟು, ಲಿನಕ್ಸಿನ ಪರಿಚಯವೆಷ್ಟು, ಸ್ಥಾಪನೆಯಲ್ಲಿ ಎಲ್ಲವನ್ನೂ ನೀವೇ ನಿರ್ಧರಿಸಬೇಕೋ ಸಿದ್ಧವಾದದ್ದು ಸಾಕೋ, ತೊಂದರೆ ಬಂದರೆ ಓದಿ ತಿಳಿಯುವಿರೋ ಇನ್ನೊಬ್ಬರನ್ನು ಕೇಳುವಿರೋ, ಹೊಚ್ಚಹೊಸದು ಬೇಕೋ ನಿಂತು ನೆಲೆಸಿದ್ದು ಬೇಕೋ, ಎಂದು ಮುಂತಾಗಿ ಅದು ಕೇಳುತ್ತದೆ. ಬೇಡವಾದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬಹುದು. ಮುಖ್ಯವೆಂದು ತೋರಿದ ಉತ್ತರಕ್ಕೆ ಹೆಚ್ಚಿನ ತೂಕವನ್ನು ಕೊಡಬಹುದು. ನಾವು ಸಂಸ್ಕೃತ ಗ್ರಂಥಗಳ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ನೋಡಿ ಬೆಳೆದವರು. ಈ ಗ್ರಂಥಕ್ಕೆ ಅರ್ಹನು ಯಾರು, ಅವನಿಗೆ ಇದರಿಂದ ಆಗತಕ್ಕದ್ದೇನು ಎಂಬುದನ್ನು ಮೊದಲೇ ಹೇಳಿ ಮುಂದುವರಿಯುವುದು ಆ ಸಂಪ್ರದಾಯ. ಇಲ್ಲಿಯೂ ಕೇಳುವುದು ಅದನ್ನೇ ಎಂದು ತೋರಿ, ಪ್ರಶ್ನೆ ಮಾಡಿದವರ ಮೇಲೆ ಗೌರವವು ಹುಟ್ಟಿತು.

ಗೌರವವು ಹುಟ್ಟಿತೇ ಹೊರತು ವಿವೇಕವು ಹುಟ್ಟಲಿಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದವರಿಗೆ “ನನಗೆ ತಿಳಿಯದು” ಎಂಬ ಗುಂಡಿಯನ್ನು ಒತ್ತುವುದು ಕಷ್ಟ. ಪರಿಚಯವೆಷ್ಟು ಎಂದರೆ ಮಧ್ಯಮವೆಂದೆವು. ಎಲ್ಲವನ್ನೂ ನಾವೇ ನಿರ್ಧರಿಸುವೆವೆಂದೆವು. ಓದಿಯೇ ತಿಳಿದುಕೊಳ್ಳುವೆವೆಂದೆವು. ಹೊಚ್ಚಹೊಸದೇ ಇರಲಿ ಎಂದೆವು. ಇದನ್ನು ಏಕೆ ಹೇಳಿದೆವೋ ಇಂದಿಗೂ ನಮಗೆ ತಿಳಿಯದು. ಫಲವಾಗಿ ಬಂದ ಪಟ್ಟಿಯ ಮೇಲ್ಭಾಗದಲ್ಲಿ ಆರ್ಚ್ ಎಂಬ ಶಾಖೆಯು ನಿಂತಿತ್ತು. ೨೦೦೨ರಿಂದ ನಡೆದುಬಂದಿರುವ ಈ ಆರ್ಚ್ ಶಾಖೆಯವರು ಬಹಳ ಸಮರ್ಥರು. ಇದಕ್ಕೆ ಕಂತುಕಂತಾದ ಆವೃತ್ತಿಗಳಿಲ್ಲ. ಹೊಳೆಯ ನೀರಿನಂತೆ ಹೊಸದು ಸದಾ ಬರುತ್ತಲೇ ಇರುವುದು. ಅದನ್ನು ಇಟ್ಟುಕೊಂಡವನು ದಡದಲ್ಲಿ ಎಚ್ಚರವಾಗಿ ಕುಳಿತಿರಬೇಕು. ಹುಡುಗನು ಪಟ್ಟಿಯನ್ನು ನೋಡಿ, “ಮಾವ, ಇದನ್ನು ಹಾಕಿದರೆ ಅತ್ತೆ ದಿನಾ ನನಗೆ ಫೋನ್ ಮಾಡುತ್ತಾರೆ” ಎಂದನು.

ಆಗ ನಮ್ಮ ಗೃಹಿಣಿಯು ಬಂದು, ಆ ಪ್ರಶ್ನೆಗಳನ್ನು ತನಗೂ ಓದಿಹೇಳಬೇಕೆಂದಳು. ಯಂತ್ರವನ್ನು ಹೆಚ್ಚು ಹೊತ್ತು ಬಳಸುವವಳು ಅವಳೇ ಎಂಬ ಸಂಗತಿಯನ್ನು ನಾವು ಅದುವರೆಗೆ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ದೂರದೇಶದಲ್ಲಿರುವ ಮಗಳ ಮುಖವನ್ನು ಭಾನುವಾರ ಭಾನುವಾರ ನೋಡುವುದು, ವಿದ್ಯುತ್ತಿನ ಬಿಲ್ಲನ್ನು ಕಟ್ಟುವುದು, ಮಹಿಳಾಸಮಾಜದ ಪತ್ರಗಳನ್ನು ಅಚ್ಚುಹಾಕುವುದು ಎಲ್ಲವೂ ಅವಳ ಪಾಲಿನದು. “ನನಗೆ ಏನೂ ತಿಳಿಯದು ಎಂದೇ ಒತ್ತಿರಿ. ಕೇಳಿ ಮಾಡುತ್ತೇನೆ. ಇವತ್ತು ಇದ್ದ ಗುಂಡಿ ನಾಳೆಯೂ ಅಲ್ಲೇ ಇರಬೇಕು. ಅದೊಂದು ಮುಖ್ಯ” ಎಂದಳು. ಅವಳ ಪಟ್ಟಿಯಲ್ಲಿ ಮೇಲೆ ಬಂದದ್ದು ಮಿಂಟ್. ಯಂತ್ರವು ಒಂದೇ, ಪ್ರಶ್ನೆಗಳೂ ಅವೇ. ಉತ್ತರಿಸಿದವರು ಮಾತ್ರ ಬೇರೆ. ಪ್ರಶ್ನಾವಳಿಯು ಅಳೆಯುವುದು ಯಂತ್ರವನ್ನಲ್ಲ, ಲಿನಕ್ಸನ್ನೂ ಅಲ್ಲ. ಮನುಷ್ಯನು ತನ್ನನ್ನು ಕುರಿತು ಇಟ್ಟುಕೊಂಡಿರುವ ಅಭಿಪ್ರಾಯವನ್ನು. ನಾವು ಆ ದಿನ ಸ್ವಲ್ಪ ಹೊತ್ತು ಮೌನವಾಗಿದ್ದೆವು.

ಬಳಿಕ ಕುತೂಹಲದಿಂದ ನಮ್ಮ ಉತ್ತರಗಳಲ್ಲಿ ಒಂದೊಂದನ್ನೇ ಬದಲಿಸಿ ನೋಡಿದೆವು. ಹೊಸತು ಬೇಡ, ನೆಲೆಸಿದ್ದು ಸಾಕೆಂದ ಮಾತ್ರಕ್ಕೆ ಪಟ್ಟಿಯು ಮೇಲುಕೆಳಗಾಯಿತು. ಆದಕಾರಣ ಪಟ್ಟಿಯ ಮೊದಲ ಹೆಸರನ್ನು ವೇದವಾಕ್ಯವೆಂದು ಹಿಡಿಯತಕ್ಕದ್ದಲ್ಲ. ಪ್ರತಿಯೊಂದು ಹೆಸರಿನ ಪಕ್ಕದಲ್ಲಿಯೂ ಇದು ನಿಮಗೆ ಏಕೆ ಒಗ್ಗುವುದು, ಏಕೆ ಒಗ್ಗದು ಎಂದು ಕಾರಣಗಳನ್ನು ಬರೆದಿರುತ್ತಾರೆ. ಓದಬೇಕಾದದ್ದು ಅದನ್ನು. ಇನ್ನೊಂದು ಮಾತು: ಡಿಸ್ಟ್ರೋವಾಚ್ ಎಂಬಲ್ಲಿ ೨೦೦೧ರಿಂದ ಈ ಶಾಖೆಗಳ ವಾರ್ತೆಗಳನ್ನೂ ಒಂದು ಕ್ರಮಾಂಕದ ಪಟ್ಟಿಯನ್ನೂ ಪ್ರಕಟಿಸುತ್ತಿದ್ದಾರೆ. ಆ ಕ್ರಮಾಂಕವು ಅಲ್ಲಿಯ ಪುಟಗಳನ್ನು ಎಷ್ಟು ಜನ ತೆರೆದರೆಂಬ ಎಣಿಕೆಯೇ ಹೊರತು, ಎಷ್ಟು ಜನ ಬಳಸುತ್ತಾರೆಂಬುದಲ್ಲ. ಜಾತ್ರೆಯಲ್ಲಿ ಅಂಗಡಿಯ ಮುಂದೆ ನಿಂತವರೆಲ್ಲ ಬಳೆ ಕೊಳ್ಳುವುದಿಲ್ಲ.

ಪ್ರಶ್ನಾವಳಿಯು ಕೇಳದೆ ಬಿಟ್ಟದ್ದೂ ಇದೆ. ನಮ್ಮ ಪಾಲಿಗೆ ಅದೇ ಮುಖ್ಯವಾದದ್ದು. ಕನ್ನಡವನ್ನು ಅಚ್ಚಿಸಬೇಕೆ? ಮನೆಯ ಮುದ್ರಣಯಂತ್ರವು ಮಾತು ಕೇಳೀತೆ? ಹಳೆಯ ಬರವಣಿಗೆಯ ಗತಿಯೇನು? ಇವಕ್ಕೆ ಉತ್ತರವನ್ನು ಪರೀಕ್ಷಿಸಿಯೇ ಪಡೆಯಬೇಕು. ಪರೀಕ್ಷೆಗೆ ಒಳ್ಳೆಯ ಉಪಾಯವಿದೆ. ಶಾಖೆಯ ಪ್ರತಿಯೊಂದನ್ನು ಇಳಿಸಿಕೊಂಡು, ಅದರ ಪರೀಕ್ಷಾಸಂಖ್ಯೆಯು ಪ್ರಕಟವಾದ ಸಂಖ್ಯೆಗೆ ಸರಿಹೊಂದುವುದೇ ಎಂದು ನೋಡಿ, ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಒಳಗಿನ ಡಿಸ್ಕನ್ನು ಮುಟ್ಟದೆಯೇ ಎಲ್ಲವನ್ನೂ ಆಡಿಸಿ ನೋಡಬಹುದು. ನಾವು ಮಿಂಟ್ ೨೨ರ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪವನ್ನು ಹೀಗೆ ಎಬ್ಬಿಸಿದೆವು. ಇದು ಉಬುಂಟು ೨೪.೦೪ರ ಮೇಲೆ ನಿಂತದ್ದು, ೨೦೨೯ರವರೆಗೆ ಪೋಷಣೆಯುಂಟು. ನಮ್ಮ ಯಂತ್ರದ ೪ ಜಿಬಿ ಸ್ಮೃತಿಗೆ ಭಾರವಾಗಲಿಲ್ಲ. ಮುದ್ರಣಯಂತ್ರವು ಒಲಿಯಿತು. ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ವಿನ್ಯಾಸವು ಕಾಣಿಸಿದಾಗ, ಪರಸ್ಥಳದಲ್ಲಿ ಊರಿನವರನ್ನು ಕಂಡಂತಾಯಿತು.

ಆಮೇಲೆ ಸ್ಥಾಪನೆ. “ಡಿಸ್ಕನ್ನು ಅಳಿಸಿ ಸ್ಥಾಪಿಸು” ಎಂಬ ಸಾಲು ಪರದೆಯ ಮೇಲೆ ಬಂದಿತು. ಟಿಪ್ಪಣಿಯನ್ನು ಹಿಂದಿನ ದಿನವೇ ಇನ್ನೊಂದು ಪೆನ್‌ಡ್ರೈವಿಗೆ ನಕಲುಮಾಡಿದ್ದೆವಾದ್ದರಿಂದ ಧೈರ್ಯವಾಗಿ ಬೆರಳನ್ನು ಮುಂದಕ್ಕೆ ತಂದೆವು. ಗೃಹಿಣಿಯು ಹಿಂದೆ ನಿಂತಿದ್ದವಳು, “ನಕಲನ್ನು ತೆರೆದು ನೋಡಿದಿರಾ?” ಎಂದಳು. ನೋಡಿರಲಿಲ್ಲ. ಸ್ಥಾಪನೆಯನ್ನು ನಿಲ್ಲಿಸಿ ತೆರೆದು ನೋಡಲಾಗಿ, ಅಲ್ಲಿದ್ದದ್ದು ಟಿಪ್ಪಣಿಯಲ್ಲ. ಟಿಪ್ಪಣಿಯು ಎಲ್ಲಿದೆಯೆಂದು ಬೆರಳು ತೋರಿಸುವ ಸಣ್ಣದೊಂದು ಗುರುತು. ಶಾರ್ಟ್‌ಕಟ್ ಎನ್ನುವರು. ಪರದೆಯ ಮೇಲೆ ಅದರ ಚಿತ್ರವನ್ನು ಕಂಡು ಗ್ರಂಥವೇ ಇದೆಂದು ನಕಲುಮಾಡಿದ್ದೆವು. ಮನೆಯನ್ನು ಬಿಟ್ಟು ಮನೆಯ ವಿಳಾಸವನ್ನು ಗಂಟುಕಟ್ಟಿದಂತಾಗಿತ್ತು! ಹನ್ನೊಂದು ಸರ್ಗಗಳೂ, ಗುರುಗಳ ಮಾತುಗಳೂ, ಒಂದು ಗುಂಡಿಯ ಅಂತರದಲ್ಲಿದ್ದವು. ನಮ್ಮ ಕೈ ನಡುಗಿದ್ದನ್ನು ಹುಡುಗನು ಕಂಡನು, ಏನನ್ನೂ ಹೇಳಲಿಲ್ಲ. ಅದು ಅವನ ಸಂಸ್ಕಾರ.

ಪೆನ್‌ಡ್ರೈವಿನಿಂದ ಎದ್ದ ಮಿಂಟಿನ ಮೂಲಕವೇ ಹಳೆಯ ಡಿಸ್ಕನ್ನು ತೆರೆದು, ನಿಜವಾದ ಕಡತಗಳನ್ನು ಎರಡು ಬೇರೆ ಬೇರೆ ಪೆನ್‌ಡ್ರೈವುಗಳಿಗೆ ಹಾಕಿ, ಒಂದೊಂದನ್ನೂ ತೆರೆದು ನೋಡಿದೆವು. ಅಲ್ಲಿ ಎರಡನೆಯ ಕಷ್ಟವು ಎದುರಾಯಿತು. ಕಡತಗಳು ತೆರೆದವು, ಆದರೆ ಕನ್ನಡವಿಲ್ಲ. ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಕಾರಣವನ್ನು ಹುಡುಗನು ತಿಳಿಸಿದನು. ನಾವು ಬರೆದದ್ದು ಹಳೆಯ ಪದ್ಧತಿಯ ಅಕ್ಷರಶೈಲಿಯಲ್ಲಿ. ಆ ಪದ್ಧತಿಯಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಆ ಶೈಲಿಯು ಇಲ್ಲದ ಯಂತ್ರದಲ್ಲಿ ವೇಷ ಕಳಚಿದಂತಾಗುತ್ತದೆ. ಯೂನಿಕೋಡಿನಲ್ಲಿಯಾದರೋ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಲಿನಕ್ಸು ಹುಟ್ಟಿದ ೧೯೯೧ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯೂ ಪ್ರಕಟವಾಗಿ, ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿತ್ತು. ನಾವು ಮಾತ್ರ ಹಳೆಯ ಹಾದಿಯಲ್ಲಿಯೇ ನಡೆದಿದ್ದೆವು.

ಪರಿವರ್ತಿಸುವ ತಂತ್ರಾಂಶಗಳಿವೆ, ಒಂದರ ಮೂಲಕ ಹಾಯಿಸಿದೆವು. ಬಹುಭಾಗವು ಸರಿಯಾಗಿ ಬಂದಿತು. ಅರ್ಕಾವತ್ತು ಮಾತ್ರ ಹಟ ಹಿಡಿಯಿತು. ಹಳೆಯ ಶೈಲಿಯಲ್ಲಿ ಅರ್ಕಾವತ್ತನ್ನು ವ್ಯಂಜನದ ಅನಂತರ ಬರೆಯುವರು; ಯೂನಿಕೋಡಿನಲ್ಲಿ ರೇಫವು ಉಚ್ಚಾರಣೆಯ ಕ್ರಮದಂತೆ ಮುಂಚೆಯೇ ಬರಬೇಕು. ಆದ್ದರಿಂದ ಅಲ್ಲಲ್ಲಿ ಸರ್ಗವು “ಸಗರ್” ಎಂದಾಯಿತು, ಸೂರ್ಯವಂಶವು “ಸೂಯರ್ವಂಶ”ವಾಯಿತು. ಸಂಸ್ಕೃತ ಶಬ್ದಗಳು ತುಂಬಿದ ಬರವಣಿಗೆಯಲ್ಲಿ ರೇಫಕ್ಕೆ ಕೊರತೆಯುಂಟೆ? ಧರ್ಮ, ಅರ್ಥ, ಕೀರ್ತಿ, ಮಾರ್ಗ, ಒಂದೂ ತಪ್ಪಿಸಿಕೊಳ್ಳಲಿಲ್ಲ. ಹಳೆಯ ಕಡತಗಳನ್ನು ಹಾಗೆಯೇ ಕಾದಿರಿಸಿಕೊಂಡು, ಪರಿವರ್ತಿತವಾದದ್ದನ್ನು ಸಾಲುಸಾಲಾಗಿ ತಿದ್ದುತ್ತಿದ್ದೇವೆ. ಹೀಗೆ ತಿದ್ದುವಾಗ ಗುರುಗಳ ವಿವರಣೆಗಳನ್ನು ಮತ್ತೊಮ್ಮೆ ಓದಿದಂತಾಗುತ್ತಿದೆ. ಎರಡು ಕಡೆಗಳಲ್ಲಿ ನಾವೇ ತಪ್ಪಾಗಿ ಬರೆದುಕೊಂಡಿದ್ದುದು ಈಗ ಹೊಳೆಯಿತು.

ಎಲ್ಲವೂ ಕ್ಷೇಮವೆಂದು ಮೂರು ಸಲ ನೋಡಿದ ಮೇಲೆ ಮಿಂಟನ್ನು ಸ್ಥಾಪಿಸಿದ್ದಾಯಿತು. ಆ ಗುಂಡಿಯನ್ನು ಗೃಹಿಣಿಯ ಕೈಯಿಂದಲೇ ಒತ್ತಿಸಿದೆವು. ಈಚೆಗೆ ಅವಳು ಮಗಳೊಡನೆ ಮಾತನಾಡಿ ಮುಗಿಸಿದ ಮೇಲೆಯೇ ನಮಗೆ ಯಂತ್ರವು ಸಿಕ್ಕುವುದು. ಆರ್ಚಿನ ಆಸೆಯು ಪೂರ್ತಿ ಹೋಗಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಹುಡುಗನು ಬೇಸಿಗೆ ರಜಕ್ಕೆ ಬರುವಾಗ ತನ್ನ ಕಾಲೇಜಿನಿಂದ ಹಳೆಯ ಯಂತ್ರವೊಂದನ್ನು ತಂದುಕೊಡುವೆನೆಂದು ಹೇಳಿದ್ದಾನೆ.

ನಿನ್ನೆ ತಿದ್ದಿದ್ದು ಆರನೆಯ ಸರ್ಗ, ಇಂದುಮತಿಯ ಸ್ವಯಂವರ. ಸುನಂದೆಯು ಮಗಧದಿಂದ ಪಾಂಡ್ಯದವರೆಗೆ ಒಬ್ಬೊಬ್ಬ ರಾಜನ ಮುಂದೆಯೂ ನಿಂತು ಗುಣಗಳನ್ನು ಎಣಿಸುತ್ತಾಳೆ, ಎಲ್ಲರೂ ಯೋಗ್ಯರೇ. ಇಂದುಮತಿಯು ಎಲ್ಲವನ್ನೂ ಕೇಳಿ ಮುಂದಕ್ಕೆ ನಡೆಯುತ್ತಾಳೆ. ಈ ಭಾಗವನ್ನು ನಾವು ಗಟ್ಟಿಯಾಗಿ ಓದಿದಾಗ ಗೃಹಿಣಿಯು ಅಡಿಗೆಯ ಮನೆಯಿಂದಲೇ, “ಸುನಂದೆಯನ್ನು ತಪ್ಪು ಹೇಳುವಂತಿಲ್ಲ. ಕೇಳಿದ್ದಕ್ಕೆ ಅವಳು ಸರಿಯಾಗಿಯೇ ಹೇಳಿದ್ದಾಳೆ” ಎಂದಳು. ಆ ಸರ್ಗದಲ್ಲಿ ನಲವತ್ತೇಳು ಅರ್ಕಾವತ್ತುಗಳನ್ನು ಸರಿಪಡಿಸಿದೆವು. ಇನ್ನು ಐದು ಸರ್ಗಗಳಿವೆ.