ಹೊಟ್ಟೆಯ ಪಂಚಾಂಗ

ಹರಿಹರ ತಾಲ್ಲೂಕಿನ ಭಾನುವಳ್ಳಿ ಕಡೆಯ ಗದ್ದೆಬಯಲಿಗೆ ಋತುವನ್ನು ತರುವುದು ಅರ್ಧ ಮೋಡ, ಅರ್ಧ ಭದ್ರಾ ನಾಲೆ. ಮಳೆಗಾಲದ ನಾಟಿ, ಕೊಯ್ಲು, ಮತ್ತೆ ಬೇಸಿಗೆ ಬೆಳೆ ಎಂದು ವರ್ಷ ಉರುಳುತ್ತದೆ. ಬಹುಕಾಲದಿಂದ ಕರುಳಿನ ತೊಂದರೆ ಹೊತ್ತವರಿಗೆ ಇದರ ಜೊತೆಗೇ ಇನ್ನೊಂದು ಪಂಚಾಂಗ: ಮುಂಗಾರಿಗೆ ಬೇಧಿ, ಚಳಿಗೆ ಹೊಟ್ಟೆಯುಬ್ಬರ, ಬೇಸಿಗೆಗೆ ಮಲಬದ್ಧತೆ. ‘ಹವಾ ಬದಲಾತಲ್ಲ, ಅದಕ್ಕ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹವೆಯ ಮೇಲೆ ಹೊರಿಸಿದ ಈ ಆರೋಪವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆರೋಪ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 15ನೆಯ ಅಧ್ಯಾಯವೇ ಗ್ರಹಣಿ ಎಂಬ ಕರುಳಿನ ರೋಗಕ್ಕೆ ಮೀಸಲು; ಮಜ್ಜಿಗೆಯನ್ನು ಅಲ್ಲಿ ಹೊಗಳಿದಷ್ಟು ನಮ್ಮ ಅಜ್ಜಿಯರೂ ಹೊಗಳಿರಲಾರರು. ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ವಾಗ್ಭಟ ಮಳೆಗಾಲಕ್ಕೆ ಜಠರಾಗ್ನಿ ಕುಂದುತ್ತದೆ ಎನ್ನುತ್ತಾನೆ. ಹಳೆಯ ಧಾನ್ಯ ಉಣ್ಣಿ, ಕಾಯಿಸಿದ ನೀರು ಕುಡಿಯಿರಿ, ಹೊಳೆ ನೀರು ಬೇಡ ಎಂದು ವಿಧಿಸುತ್ತಾನೆ. ಅಗ್ನಿಯ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ತುಂಗಭದ್ರೆಯ ದಡದ ಹರಿಹರದವರು ಆ ಕೊನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ನನಗೆ ಇನ್ನೂ ಹಿಡಿಸುವುದು ಋತುಸಂಧಿಯ ವಿಚಾರ. ಹೋಗುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ: ಈ ಅವಧಿಯಲ್ಲಿ ಹಳೆಯ ರೂಢಿಯನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದಕ್ಕೆ ಹೊಂದಿಕೊಳ್ಳಬೇಕು, ಒಮ್ಮೆಲೇ ಬದಲಿಸಿದರೆ ರೋಗ ಬರುತ್ತದೆ ಎನ್ನುತ್ತಾನೆ. ಕರುಳಿನ ಸ್ವಭಾವ ಬಲ್ಲವನ ಮಾತು ಇದು.

ಮಳೆ ಕರುಳನ್ನು ಹೇಗೆ ಕೆಡಿಸುತ್ತದೆ ಎಂಬುದು ಚೆನ್ನಾಗಿ ದಾಖಲಾದದ್ದು ದೂರದ ಕೆನಡಾದಲ್ಲಿ. ಆಂಟೇರಿಯೊ ಪ್ರಾಂತ್ಯದ ವಾಕರ್ಟನ್ ಸುಮಾರು ಐದು ಸಾವಿರ ಜನರ ಊರು. 2000ದ ಮೇ ತಿಂಗಳಲ್ಲಿ ಜೋರು ಮಳೆ ಸುರಿದು, ದನದ ಗೊಬ್ಬರದ ರೋಗಾಣುಗಳು ಕುಡಿಯುವ ನೀರಿನ ಬಾವಿಗಿಳಿದವು. ಕ್ಲೋರಿನ್ ಸಾಲದೆ ಹೋಯಿತು. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಕತೆ ಅಲ್ಲಿಗೆ ಮುಗಿಯಲಿಲ್ಲ. ವೈದ್ಯರು ಆ ಊರಿನವರನ್ನು ವರ್ಷಗಟ್ಟಲೆ ಗಮನಿಸಿದಾಗ, ಆಗ ಬೇಧಿಯಾದದ್ದು ಖಚಿತವಾಗಿದ್ದವರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನರಿಗೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕೆರಳುವ ಕರುಳಿನ ತೊಂದರೆ) ಅಂಟಿಕೊಂಡಿತ್ತು. ಏನೂ ಆಗದೆ ಉಳಿದವರಲ್ಲಿ ಆ ಪ್ರಮಾಣ ಹತ್ತರಲ್ಲೊಂದರ ಆಸುಪಾಸು. ಎಂಟು ವರ್ಷದ ನಂತರವೂ ಅಂತರ ಪೂರ್ತಿ ಅಳಿದಿರಲಿಲ್ಲ. ಒಂದು ಮಳೆ ಹಾಳುಮಾಡಿದ ನೀರು ಕರುಳನ್ನು ಇಷ್ಟು ಕಾಲ ಕಾಡಬಲ್ಲದು. ಹೊಸ ನೀರು ಬಂದಾಗ ಕಾಯಿಸಿ ಕುಡಿಯಿರಿ ಎಂದು ಊರಿನಲ್ಲಿ ಹೇಳುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಊಟದ ಕತೆ ಬೇರೆ. ಮಳೆ ಹಿಡಿದ ಸಂಜೆ ದಾವಣಗೆರೆಯವರಿಗೆ ಮಂಡಕ್ಕಿ-ಮೆಣಸಿನಕಾಯಿ ಬೇಡವೆನ್ನಲು ಯಾವ ವಾಗ್ಭಟನಿಂದಲೂ ಆಗದು. ಐಬಿಎಸ್ ಇರುವ ಅನೇಕರ ಕರುಳಿನ ನರಗಳಿಗೆ ಮಾತ್ರ ಖಾರ ಬೇಗ ನಾಟುತ್ತದೆ. ಚಳಿಗೆ ಅವರೆಕಾಳು ಬರುತ್ತದೆ. ಕಾಳುಗಳ ಕೆಲವು ಸಕ್ಕರೆಗಳನ್ನು ನಮ್ಮ ಸಣ್ಣಕರುಳು ಒಡೆಯಲಾರದು. ದೊಡ್ಡಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಹೊಟ್ಟೆ ತುಂಬ ಗಾಳಿ ಮಾಡುತ್ತವೆ. ಬೇಸಿಗೆಯ ಮಾವಿನ ಫ್ರಕ್ಟೋಸ್ ಕೂಡ ಕೆಲವರಿಗೆ ಹೀಗೆಯೇ. ಈ ಸಕ್ಕರೆಗಳ ಲೆಕ್ಕ ತೆಗೆದದ್ದು ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು.

ಇವೆಲ್ಲಕ್ಕಿಂತ ಕಡಿಮೆ ಮಾತಿಗೆ ಬರುವ ಸಂಗತಿ ದುಡಿಮೆಯದು. ನಾಟಿಯ ದಿನಗಳಲ್ಲಿ ಬೆಳಿಗ್ಗೆ ಬರೀ ಚಹಾ, ಊಟಕ್ಕೆ ಹೊತ್ತುಗೊತ್ತಿಲ್ಲ. ಬಯಲಲ್ಲಿ ಮರೆಯಿಲ್ಲದೆ ಹೆಂಗಸರು ನೀರನ್ನೇ ಕಡಿಮೆ ಕುಡಿಯುತ್ತಾರೆ, ಬಂದದ್ದನ್ನು ತಡೆದುಕೊಳ್ಳುತ್ತಾರೆ. ಬಿಸಿಲಲ್ಲಿ ಬೆವರಿಳಿದ ಮೈಗೆ ನೀರೂ ಸಾಲದಿದ್ದರೆ ಮಲ ಗಟ್ಟಿಯಾಗದೆ ಇನ್ನೇನು? ಗದ್ದೆ ಹತ್ತಿರ ಒಂದು ಶೌಚಾಲಯ ಇದ್ದಿದ್ದರೆ ಹವೆಯ ತಪ್ಪು ಅಷ್ಟು ಕಡಿಮೆಯಾಗುತ್ತಿತ್ತು.

ಐಬಿಎಸ್‌ನಲ್ಲಿ ಕರುಳಿಗೆ ಗಾಯವಿರುವುದಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಹಾಗಲ್ಲ, ದೊಡ್ಡಕರುಳಿನ ಒಳಪದರ ಹುಣ್ಣಾಗುತ್ತದೆ. ಈ ರೋಗ ಯಾವ ಋತುವಿನಲ್ಲಿ ಕೆರಳುತ್ತದೆಂದು ಹುಡುಕಿದ ಅಧ್ಯಯನಗಳು ಒಂದಕ್ಕೊಂದು ಒಪ್ಪುವುದಿಲ್ಲ: ಕೆಲವಕ್ಕೆ ವಸಂತ ಕಂಡಿದೆ, ಕೆಲವಕ್ಕೆ ಶರದೃತು, ಕೆಲವಕ್ಕೆ ಏನೂ ಕಂಡಿಲ್ಲ. ಹಾಗಾಗಿ ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ, ಬಿಡದ ಜ್ವರ ಇವನ್ನು ‘ಹವಾ’ದ ಖಾತೆಗೆ ಬರೆಯಬಾರದು. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ, ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ವೇಷದಲ್ಲೂ ಬರುತ್ತದೆ.

ಕೊಲೈಟಿಸ್ ಇರುವವರ ಪಂಚಾಂಗದಲ್ಲಿ ಇನ್ನೊಂದು ಮೋಸವಿದೆ. ಚಳಿಗಾಲ ಹಿತವಾಗಿ ಕಳೆಯಿತೆಂದು ಮಾತ್ರೆ ಬಿಡುತ್ತಾರೆ. ಕೆಲವು ತಿಂಗಳು ಏನೂ ಆಗುವುದಿಲ್ಲ. ರೋಗ ಮರಳುವ ಹೊತ್ತಿಗೆ ಮುಂಗಾರು ಬಂದಿರುತ್ತದೆ, ತಪ್ಪು ಮಳೆಯದಾಗುತ್ತದೆ. ಈ ರೋಗಕ್ಕೆ ಕೊಡುವ ಮೆಸಲಮೈನ್ ಮಾತ್ರೆಯನ್ನು ಸರಿಯಾಗಿ ನುಂಗದವರಲ್ಲಿ ರೋಗ ಮರುಕಳಿಸುವ ಅಪಾಯ ಐದು ಪಟ್ಟಿಗೂ ಹೆಚ್ಚೆಂದು 2003ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಮುಂಗಾರಿಗೆ ಹೊಟ್ಟೆ ಕೆಟ್ಟಿತು ಎಂದು ಬಂದವರನ್ನು ವೈದ್ಯರು ಮೊದಲು ಕೇಳಬೇಕಾದದ್ದು, ಸಂಕ್ರಾಂತಿಗೆ ಮಾತ್ರೆ ನುಂಗುತ್ತಿದ್ದರೋ ಇಲ್ಲವೋ ಎಂದು.