ಬಾವು ಇಳಿದ ಮಾತ್ರಕ್ಕೆ ಮೊಣಕಾಲು ವಾಸಿಯಾಯಿತೆ?

ಕಬಡ್ಡಿ, ಖೋ ಖೋ, ವಾಲಿಬಾಲ್ ಆಡುವ ಮಕ್ಕಳಿರುವ ಮನೆಗಳಲ್ಲಿ ಮೊಣಕಾಲಿನ ಪೆಟ್ಟು ಹೊಸದೇನಲ್ಲ. ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಎರಡು ಮೂರು ವಾರಗಳಲ್ಲಿ ಬಾವು ಇಳಿಯುತ್ತದೆ. ಹುಡುಗ ಮತ್ತೆ ಮೈದಾನಕ್ಕೆ ಹೋಗುತ್ತಾನೆ. ಎಲ್ಲರಿಗೂ ಸಮಾಧಾನ. ಈ ಸಮಾಧಾನವೇ ಅಪಾಯಕಾರಿ ಎಂಬುದನ್ನು ನಮ್ಮ ಓದುಗರ ಗಮನಕ್ಕೆ ತರಬಯಸುತ್ತೇವೆ.

ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಕೀಲಿನೊಳಗೆ ಹಗ್ಗದಂತೆ ಬಿಗಿದಿಡುವ ರಜ್ಜುಗಳಲ್ಲಿ ಎ.ಸಿ.ಎಲ್. ಎಂಬುದು ಮುಖ್ಯವಾದದ್ದು. ಓಡುತ್ತಿದ್ದವರು ಥಟ್ಟನೆ ನಿಂತು ತಿರುಗಿದಾಗ, ಹಾರಿ ವಾಲಿದ ಕಾಲಿನ ಮೇಲೆ ಇಳಿದಾಗ ಇದು ಹರಿಯುತ್ತದೆ. ಎದುರಾಳಿ ಮುಟ್ಟಿರಬೇಕೆಂದೇನೂ ಇಲ್ಲ. ಎಷ್ಟೋ ಜನ ಆ ಕ್ಷಣದಲ್ಲಿ 'ಟಪ್' ಎಂದಂತಾಯಿತು ಎನ್ನುತ್ತಾರೆ.

ಬಾವು ಯಾವಾಗ ಬಂದಿತೆಂಬುದನ್ನು ತಾಯಂದಿರು ನೆನಪಿಡಬೇಕು. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಂಭವ ಹೆಚ್ಚು; ರಜ್ಜು ಹರಿದಿರುವ ಶಂಕೆಗೆ ಅದೇ ಮೊದಲ ಆಧಾರ. ಮರುದಿನದ ಹೊತ್ತಿಗೆ ನಿಧಾನವಾಗಿ ಊದಿ, ಕಾಲು ಚಾಚಲಾಗದೆ ನಡುವೆ ಸಿಕ್ಕಿಕೊಂಡಂತಾದರೆ, ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದಿರಬಹುದು. ಹಾರುವ ಆಟಗಾರರಿಗೆ ಮಂಡಿಚಿಪ್ಪಿನ ಕೆಳಗೆ ದಿನೇ ದಿನೇ ಹೆಚ್ಚುವ ನೋವು ಬೇರೆಯದು. ಅಭ್ಯಾಸದ ಹೊರೆ ತಗ್ಗಿಸಿ ತೊಡೆಯ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸಿದರೆ ಅದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಮೊದಲ ಎರಡು ದಿನ ತಿಕ್ಕುವುದೂ ಬೇಡ, ಶಾಖವೂ ಬೇಡ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು ತೆಗೆಯುತ್ತಿರಬೇಕು. ಕ್ರೇಪ್ ಬ್ಯಾಂಡೇಜು ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಮೊಣಕಾಲನ್ನು ಕುರ್ಚಿಯಲ್ಲಿ ಕುಳಿತಷ್ಟೂ ಮಡಿಸಲಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 'ಎಕ್ಸ್‌ರೇಯಲ್ಲಿ ಏನೂ ಇಲ್ಲ' ಎಂದು ಸಂತೋಷಪಡುವವರಿದ್ದಾರೆ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆಯೇ ಹೊರತು ರಜ್ಜುವನ್ನಲ್ಲ. ಅದಕ್ಕೆ ಮೂಳೆತಜ್ಞರ ಕೈಪರೀಕ್ಷೆಯೂ ಎಂ.ಆರ್.ಐ.ಯೂ ಬೇಕು.

ಪೂರ್ತಿ ಹರಿದ ಎ.ಸಿ.ಎಲ್. ತಾನಾಗಿ ಕೂಡಿಕೊಳ್ಳುವುದು ಅಪರೂಪ. ಆದರೂ ನೋವು ಹೋಗುತ್ತದೆ, ನೇರ ನಡಿಗೆಗೆ ತೊಂದರೆಯಿಲ್ಲ. ಆಟದಲ್ಲಿ ತಿರುಗಿದೊಡನೆ ಮಾತ್ರ ಕಾಲು ಕೈಕೊಡುತ್ತದೆ. ಹಾಗೆ ಕುಸಿದಾಗಲೆಲ್ಲ ಮೆನಿಸ್ಕಸ್ಸಿಗೂ ಕೀಲಿನ ಮೃದ್ವಸ್ಥಿಗೂ ಪೆಟ್ಟು ಬೀಳಬಹುದು. ಮುಪ್ಪಿನ ಸಂಧಿವಾತ ಯೌವನದಲ್ಲಿಯೇ ಬಾಗಿಲಿಗೆ ಬಂದು ನಿಲ್ಲಬಹುದು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ವ್ಯಾಯಾಮ ಚಿಕಿತ್ಸೆಯಿಂದಲೇ ಕೆಲವರು ನೆಮ್ಮದಿಯಾಗಿದ್ದಾರೆ. ಓಡಿ ತಿರುಗುವ ಆಟಕ್ಕೆ ಮರಳಬೇಕೆನ್ನುವವರಿಗೆ ಸಾಮಾನ್ಯವಾಗಿ ಅವರದೇ ಸ್ನಾಯುರಜ್ಜುವಿನಿಂದ ಹೊಸ ಎ.ಸಿ.ಎಲ್. ಕಟ್ಟುತ್ತಾರೆ. ಆ ಬಳಿಕ ಕನಿಷ್ಠ 9 ತಿಂಗಳು ಕಾಯಬೇಕು. ಪಂದ್ಯಾವಳಿಗಾಗಿ ಅವಸರಪಡಿಸುವ ತರಬೇತುದಾರರ ಮಾತನ್ನು ಕೇಳಬಾರದೆಂದೇ ನಮ್ಮ ಅಭಿಪ್ರಾಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸ್ಟ್ರೆಚರಿನಲ್ಲಿ ಹೊರಹೋದ ಕುಸ್ತಿಪಟು ವಿನೇಶ್ ಫೋಗಟ್, ಶಸ್ತ್ರಚಿಕಿತ್ಸೆಯ ನಂತರ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ಒಂದೇ ಬಗೆಯ ಆಟವಾಡುವಾಗ ಈ ರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆಟಕ್ಕೆ ಮುನ್ನ ಕಾಲು ಗಂಟೆ ಮೈ ಬೆಚ್ಚಗಾಗಿಸಿ, ಒಂಟಿಕಾಲಿನ ಸಮತೋಲನವನ್ನೂ ಮಂಡಿ ಒಳಕ್ಕೆ ವಾಲದಂತೆ ಹಾರಿ ಇಳಿಯುವುದನ್ನೂ ಅಭ್ಯಾಸ ಮಾಡಿಸಿದರೆ ಅಪಾಯ ಗಣನೀಯವಾಗಿ ತಗ್ಗುತ್ತದೆ. ಶಾಲೆಯಲ್ಲಿ ಈ ಅಭ್ಯಾಸವಿದೆಯೆ ಎಂದು ಮುಂದಿನ ಪಾಲಕರ ಸಭೆಯಲ್ಲಿ ದೈಹಿಕ ಶಿಕ್ಷಕರನ್ನು ವಿಚಾರಿಸಬಹುದು.