ಲೆಕ್ಕ ಕೇಳಿದ್ದಕ್ಕೆ ದೇಶ ಬಿಡಬೇಕಾಯ್ತು

ಮನೆಗೆ ತಿಂಗಳಿಗೆ ಇಷ್ಟು ದುಡ್ಡು ಬರುತ್ತೆ ಅಂತ ಹೇಳೋದು ಸುಲಭ. ಬಂದ ದುಡ್ಡು ಯಾರ ಕೈ ಸೇರಿತು, ಯಾರ ತಟ್ಟೆಗೆ ಎಷ್ಟು ಬಿತ್ತು ಅಂತ ಯಾರಾದರೂ ಕೇಳಲಿ, ಆಗ ನೋಡಿ, ಮುಖಗಳೆಲ್ಲ ಗಂಟಾಗಿಬಿಡುತ್ತವೆ. ದೇಶದ ವಿಷಯದಲ್ಲೂ ಅಷ್ಟೇ. 1990ರ ದಶಕದಲ್ಲಿ ಚೀನಾ ಬೆಳೆಯುತ್ತಿದ್ದ ವೇಗ ಕಂಡು ಜಗತ್ತೆಲ್ಲ ಬೆರಗಾಗಿತ್ತು. ಆಗ ಹಾಂಗ್‌ಕಾಂಗ್ ಮಗ್ಗುಲಿನ ಶೆನ್‌ಝೆನ್ ನಗರದಲ್ಲಿ ಕೂತು, "ಸರಿ, ಬೆಳೆದದ್ದೆಲ್ಲ ಹೋಗಿದ್ದು ಎಲ್ಲಿಗೆ?" ಅನ್ನುವ ಪ್ರಶ್ನೆಯನ್ನು ಬಿಡದೆ ಕೇಳಿದವರು ಹೆ ಚಿಂಗ್‌ಲಿಯಾನ್ ಎಂಬ ಮಹಿಳೆ. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ನಾವು ಚಿಂಗ್‌ಲಿಯಾನ್ ಅಂತಲೇ ಕರೆಯೋಣ.

ಅವರು ಹುಟ್ಟಿದ್ದು 1956ರಲ್ಲಿ, ಹುನಾನ್ ಪ್ರಾಂತ್ಯದ ಶಾವ್‌ಯಾಂಗ್ ಎಂಬ ಊರಲ್ಲಿ. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ವಯಸ್ಸು ಹತ್ತು. ಶಾಲೆ ಕಾಲೇಜುಗಳು ಮುಚ್ಚಿ, ಓದಿದವರನ್ನೇ ಅನುಮಾನದಿಂದ ನೋಡುತ್ತಿದ್ದ ವರ್ಷಗಳವು. ಆ ಪೀಳಿಗೆಯ ಎಷ್ಟೋ ಮಕ್ಕಳಿಗೆ ಓದೇ ಕೈತಪ್ಪಿ ಹೋಯ್ತು. ಚಿಂಗ್‌ಲಿಯಾನ್ ಮಾತ್ರ ತಡವಾಗಿಯಾದರೂ ಕಾಲೇಜು ಸೇರಿ ಮೊದಲು ಇತಿಹಾಸ ಓದಿದರು. ಆಮೇಲೆ ಶಾಂಘೈನ ಫೂದಾನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದರು. 1980ರ ದಶಕದ ಕೊನೆಗೆ ಶೆನ್‌ಝೆನ್‌ಗೆ ಬಂದು ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿಕೊಂಡರು. ಚೀನಾದ ಹೊಸ ಸಿರಿವಂತಿಕೆ ಮೊದಲು ಮೈದಳೆದದ್ದೇ ಆ ಊರಲ್ಲಿ. ಗಗನಚುಂಬಿ ಕಟ್ಟಡಗಳನ್ನು ಎಲ್ಲರೂ ನೋಡಿದರು, ಇವರು ಅವುಗಳ ಕೆಳಗಿನ ಜಾಗ ಯಾರಿಗೆ, ಎಷ್ಟಕ್ಕೆ ಸಿಕ್ಕಿತು ಅಂತ ನೋಡಿದರು.

ಇವರು ಕಂಡಿದ್ದು ಏನು ಅನ್ನೋದನ್ನು ಸರಳವಾಗಿ ಹೇಳಬಹುದು. ನಮ್ಮಲ್ಲಿ ರೇಷನ್ ಸಕ್ಕರೆಗೆ ಒಂದು ಬೆಲೆ, ಅಂಗಡಿ ಸಕ್ಕರೆಗೆ ಇನ್ನೊಂದು ಬೆಲೆ ಇದ್ದದ್ದು ಹಿರಿಯರಿಗೆ ನೆನಪಿರುತ್ತೆ. 1980ರ ದಶಕದ ಚೀನಾದಲ್ಲಿ ಉಕ್ಕು, ಕಲ್ಲಿದ್ದಲಿನಂಥ ಸರಕುಗಳಿಗೂ ಹೀಗೆ ಎರಡು ಬೆಲೆ. ಸರ್ಕಾರದ ದರ ನೂರು, ಪೇಟೆ ದರ ಇನ್ನೂರು ಅಂದುಕೊಳ್ಳಿ. ನೂರಕ್ಕೆ ಕೊಳ್ಳುವ ಚೀಟಿ ಕೈಯಲ್ಲಿದ್ದವನು ಸರಕನ್ನು ಕಣ್ಣಲ್ಲೂ ನೋಡದೆ, ಆ ಚೀಟಿ ಮಾರಿಯೇ ಶ್ರೀಮಂತ ಆಗಬಹುದು. ಚೀಟಿ ಸಿಗುತ್ತಿದ್ದದ್ದು ಯಾರಿಗೆ? ಅಧಿಕಾರಿಗಳಿಗೆ, ಅವರ ಮಕ್ಕಳಿಗೆ, ಅವರ ಪರಿಚಯದವರಿಗೆ. 1989ರಲ್ಲಿ ತಿಯಾನನ್‌ಮೆನ್ ಚೌಕದಲ್ಲಿ ಸೇರಿದ ವಿದ್ಯಾರ್ಥಿಗಳ ಸಿಟ್ಟಿಗೆ ಈ ದಂಧೆಯೂ ಒಂದು ಕಾರಣವಾಗಿತ್ತು.

ಆಮೇಲೆ ಜಮೀನಿನ ಸರದಿ. ಅಲ್ಲಿ ನಗರದ ನೆಲವೆಲ್ಲ ಸರ್ಕಾರದ್ದೇ, ಮಾರಾಟವಾಗೋದು ಬಳಸುವ ಹಕ್ಕು ಮಾತ್ರ. ಬಹಿರಂಗ ಹರಾಜಿಲ್ಲದೆ, ಬಾಗಿಲ ಹಿಂದಿನ ಮಾತುಕತೆಯಲ್ಲಿ ಆ ಹಕ್ಕು ಬೇಕಾದವರಿಗೆ ಅಗ್ಗಕ್ಕೆ ಹೋಗುತ್ತಿತ್ತು. ಮುಂದೆ ಸರ್ಕಾರಿ ಕಾರ್ಖಾನೆಗಳು ಷೇರು ಕಂಪನಿಗಳಾದವು. ಒಳಗಿನವರಿಗೆ ಷೇರು, ಕೋಟ್ಯಂತರ ಕಾರ್ಮಿಕರಿಗೆ ಮನೆಯ ದಾರಿ. ಚಿಂಗ್‌ಲಿಯಾನ್ ವಾದ ಇಷ್ಟೇ: ಚೀನಾದಲ್ಲಿ ಮಾರುಕಟ್ಟೆಗೆ ಬಂದದ್ದು ಬರೀ ಸರಕಲ್ಲ, ಅಧಿಕಾರವೇ ಸರಕಾಗಿ ಮಾರುಕಟ್ಟೆಗೆ ಬಂತು.

ಇದನ್ನೆಲ್ಲ ಬರೆದ ಪುಸ್ತಕ 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಚ್ಚಾಯ್ತು. ಮರುವರ್ಷ 'ಆಧುನೀಕರಣದ ಬೋನು' ಎಂಬ ಅರ್ಥದ ಹೆಸರಿನಲ್ಲಿ, ಒಂದಷ್ಟು ಭಾಗ ಕತ್ತರಿಸಿಕೊಂಡು, ಬೀಜಿಂಗ್‌ನಲ್ಲೂ ಬಂತು. ಮುನ್ನುಡಿ ಬರೆದವರು ಚೀನಾದ ಸಮಾಜ ವಿಜ್ಞಾನ ಅಕಾಡೆಮಿಯ ಉಪಾಧ್ಯಕ್ಷರಾಗಿದ್ದ ಲಿಯು ಜಿ. ದೊಡ್ಡವರ ಕೊಡೆ ಇದ್ದದ್ದರಿಂದ ಪುಸ್ತಕ ಮಳೆಯಲ್ಲಿ ನೆನೆಯದೆ ಓದುಗರ ಕೈ ಸೇರಿತು ಅನ್ನಬಹುದು. ಜನ ಮುಗಿಬಿದ್ದು ಕೊಂಡರು. ಕಳ್ಳಪ್ರತಿಗಳೂ ಧಾರಾಳವಾಗಿ ಹರಿದಾಡಿದವು. ತಮ್ಮ ಊರಲ್ಲಿ ಕಣ್ಣಾರೆ ಕಂಡದ್ದಕ್ಕೆ ಒಂದು ಹೆಸರು ಸಿಕ್ಕಿದಾಗ ಜನಕ್ಕೆ ಎಂಥ ಸಮಾಧಾನ ಆಗುತ್ತೆ ಅಲ್ವಾ?

ಆದರೆ ಕೊಡೆ ಎಷ್ಟು ದಿನ ತಡೆದೀತು? 2000ದಲ್ಲಿ 'ಶೂವೂ' ಎಂಬ ಪತ್ರಿಕೆಯಲ್ಲಿ ಅವರ ಇನ್ನೊಂದು ಲೇಖನ ಬಂತು. ಚೀನಾದ ಜನರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಕೆಳಗಿನ ಮೆಟ್ಟಿಲಲ್ಲೋ ಅಂಚಿನಲ್ಲೋ ಉಳಿದಿದ್ದಾರೆ, ಮೇಲಿರುವ ಬೆರಳೆಣಿಕೆಯವರ ಕೈಯಲ್ಲೇ ಅಧಿಕಾರವೂ ಹಣವೂ ಸೇರಿಕೊಂಡಿದೆ ಅಂತ ಅದರಲ್ಲಿ ಬರೆದಿದ್ದರು. ಕಾರ್ಮಿಕರ ಹೆಸರಲ್ಲಿ ಆಳುವ ಪಕ್ಷಕ್ಕೆ ಇದಕ್ಕಿಂತ ಚುಚ್ಚುವ ಮಾತು ಬೇರೆ ಬೇಕೆ? ಪತ್ರಿಕೆಯ ಕೆಲಸದಲ್ಲಿ ಹಿಂಬಡ್ತಿಯಾಯ್ತು, ಬರಹಕ್ಕೆ ಬಾಗಿಲು ಮುಚ್ಚುತ್ತಾ ಬಂತು, ಅವರ ಮೇಲೆ ಕಣ್ಗಾವಲು ಬಿತ್ತು. 2001ರಲ್ಲಿ ಚಿಂಗ್‌ಲಿಯಾನ್ ಅಮೆರಿಕಕ್ಕೆ ಹೊರಟುಬಿಟ್ಟರು. ಆಗ ವಯಸ್ಸು ನಲವತ್ತೈದರ ಆಸುಪಾಸು. ಹೊಸ ಊರು, ಹೊಸ ಭಾಷೆಯಲ್ಲಿ ಮತ್ತೆ ಮೊದಲಿಂದ ಬದುಕು ಕಟ್ಟುವ ವಯಸ್ಸೇನಲ್ಲ.

ದೇಶ ಬಿಟ್ಟವರಿಗೆ ನಷ್ಟ ಹಲವು ಬಗೆ. ನೆಲದ ಮೇಲೆ ನಿಂತು ಲೆಕ್ಕ ಹಾಕುವ ಅರ್ಥಶಾಸ್ತ್ರಜ್ಞೆಗೆ ಆ ನೆಲವೇ ಇಲ್ಲವಾಗುತ್ತೆ. ಕಾರ್ಖಾನೆ ಗೇಟಿನ ಮುಂದಿನ ಮಾತು, ಕಚೇರಿಯ ಗುಸುಗುಸು ಕಿವಿಗೆ ಬೀಳುವುದಿಲ್ಲ. ಓದುಗರಂತೂ ಗೋಡೆಯ ಆಚೆ. ಇಷ್ಟಾದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ, ಬರೆದದ್ದೂ ಚೀನೀ ಭಾಷೆಯಲ್ಲೇ. ತಾವು ಒಳಗಿದ್ದು ಕಂಡ ಪತ್ರಿಕಾಲೋಕದ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರು. ಅದರ ಇಂಗ್ಲಿಷ್ ಅನುವಾದ 2008ರಲ್ಲಿ ಬಂತು. ಯಾವ ಸುದ್ದಿ ಹಾಕಬಾರದು ಅನ್ನುವ ಅಪ್ಪಣೆ ಎಷ್ಟೋ ಸಲ ಬಾಯಿಮಾತಲ್ಲೇ ಬರುತ್ತೆ, ಕಾಗದದಲ್ಲಿ ಗುರುತು ಉಳಿಯುವುದಿಲ್ಲ. ನಿಜವಾದ ಸುದ್ದಿಯನ್ನು ವರದಿಗಾರರೇ ಬರೆಯುತ್ತಾರೆ, ಆದರೆ ಅದು ಹೋಗೋದು ಮೇಲಧಿಕಾರಿಗಳಿಗೆ ಮಾತ್ರ ಮೀಸಲಾದ ಒಳ ವರದಿಗೆ.

ನನಗೆ ಇವರಲ್ಲಿ ಹೆಚ್ಚು ಮೆಚ್ಚುಗೆಯಾದ ಗುಣ ಇನ್ನೊಂದಿದೆ. ದೇಶ ಬಿಟ್ಟು ಬಂದವರ ಬಾಯಿಂದ ಹೊರಗಿನ ಜನ ಕೇಳಬಯಸೋದು ಒಂದೇ ಮಾತು: "ಆ ಸರ್ಕಾರ ಇನ್ನೇನು ಬಿದ್ದೇಹೋಗುತ್ತೆ." ಚಿಂಗ್‌ಲಿಯಾನ್ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಲಿಲ್ಲ. ಪತಿ, ಅವರೂ ಅರ್ಥಶಾಸ್ತ್ರಜ್ಞರೇ, ಚೆಂಗ್ ಶಿಯಾವ್‌ನಾಂಗ್ ಜೊತೆ ಸೇರಿ 2017ರಲ್ಲಿ ತಂದ ಪುಸ್ತಕದಲ್ಲಿ, ಚೀನಾ ಒಳಗೊಳಗೇ ಕೊಳೆಯುತ್ತೆ, ಆದರೆ ಸದ್ಯಕ್ಕೆ ಕುಸಿಯೋದಿಲ್ಲ ಅಂದರು. ಕಾಯುತ್ತಾ ಕೂತಿದ್ದವರಿಗೆ ಇದು ಹಿತವಾದ ಮಾತಲ್ಲ. ಆದರೂ ಲೆಕ್ಕ ಏನು ಹೇಳುತ್ತೋ ಅದನ್ನೇ ಹೇಳಿದರು.

2012ರ ನಂತರ ಷಿ ಜಿನ್‌ಪಿಂಗ್ ಭ್ರಷ್ಟಾಚಾರದ ವಿರುದ್ಧ ಭಾರಿ ಕಾರ್ಯಾಚರಣೆಯನ್ನೇ ನಡೆಸಿದರು. ಪಕ್ಷದ ಅತ್ಯುನ್ನತ ಸಮಿತಿಯಲ್ಲಿದ್ದ ಝೌ ಯಾಂಗ್‌ಕಾಂಗ್ ಅವರಿಗೇ 2015ರಲ್ಲಿ ಜೀವಾವಧಿ ಶಿಕ್ಷೆಯಾಯ್ತು. ಅಂದ್ರೆ ರೋಗ ಇರೋದು ನಿಜ ಅಂತ ಪಕ್ಷವೇ ಒಪ್ಪಿಕೊಂಡ ಹಾಗಾಯ್ತು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಆ ರೋಗದ ಹೆಸರು ಹೇಳಿದಾಕೆ ಮಾತ್ರ ಹೊರಗೇ ಉಳಿದರು. ಮೇಲಿರುವವರು ತಮಗೆ ಬೇಕಾದಾಗ, ತಮಗೆ ಬೇಕಾದವರ ಮೇಲೆ ಕ್ರಮ ಕೈಗೊಳ್ಳೋದೇ ಬೇರೆ, ಸಾಮಾನ್ಯ ಮನುಷ್ಯ ಎದ್ದು ನಿಂತು ಲೆಕ್ಕ ಕೇಳೋದೇ ಬೇರೆ. ಮೊದಲನೆಯದು ಅಲ್ಲಿ ನಡೆಯಿತು, ಎರಡನೆಯದಕ್ಕೆ ಇನ್ನೂ ಜಾಗವಿಲ್ಲ.

ಯಾವುದೇ ದೇಶದ ಬೆಳವಣಿಗೆ ಇಷ್ಟು ಪರ್ಸೆಂಟು ಅಂತ ಮುಂದಿನ ಸಲ ಓದಿದಾಗ, ಅಲ್ಲಿ ಎರಡನೇ ಪ್ರಶ್ನೆ ಕೇಳುವವರು ಊರೊಳಗೆ ಇದ್ದಾರಾ, ಊರು ಬಿಟ್ಟಿದ್ದಾರಾ ಅಂತಲೂ ಒಮ್ಮೆ ನೋಡಿ. ಏನಂತೀರಿ?